12 ತಂತಿಯ ಎಲೆಕ್ಟ್ರಿಕ್ ಗಿಟಾರ್‌ಗೆ ಕಂಪ್ರೆಸರ್ ಹಾಕಿದರೆ ಮಿನುಗು ಸಾಯುತ್ತಿದೆ, ಎಲ್ಲಿ ತಪ್ಪುತ್ತಿದೆ?

ಜೋಡಿತಂತಿ

ಆರು ತಂತಿಯ ಗಿಟಾರ್ ಹತ್ತು ವರ್ಷದಿಂದ ನುಡಿಸುತ್ತಿದ್ದೇನೆ. 12 ತಂತಿಯ ಎಲೆಕ್ಟ್ರಿಕ್ ಕೈಗೆ ಬಂದು ಎಂಟು ತಿಂಗಳಾಯಿತು. ಸಾಲಿಡ್ ಬಾಡಿ, ಎರಡು ಸಿಂಗಲ್ ಕಾಯಿಲ್ ಪಿಕಪ್, ಕ್ಲೀನ್ ಆಂಪ್. ಅರವತ್ತರ ದಶಕದ ಆ ಗಂಟೆ ಬಾರಿಸಿದಂಥ ಜ್ಯಾಂಗಲ್ ಬೇಕು ಅಂತ ಆಸೆಪಟ್ಟು ತೆಗೆದುಕೊಂಡದ್ದು.

ಪೆಡಲ್ ಇಲ್ಲದೆ ನುಡಿಸಿದರೆ ಮಿನುಗು ಇದೆ, ಆದರೆ ನಿಲ್ಲುವುದಿಲ್ಲ. ಸ್ವರ ಹುಟ್ಟಿದ ಕೂಡಲೇ ಕರಗುತ್ತದೆ. ಕಂಪ್ರೆಸರ್ (ಜೋರು ಶಬ್ದವನ್ನು ಅದುಮಿ ಮೆಲುದನಿಯನ್ನು ಎತ್ತುವ ಪೆಡಲ್) ಹಾಕಿದರೆ ಸರಿಹೋಗುತ್ತದೆ ಎಂದು ಓದಿ, ಡೈನಾ ಕಾಂಪ್ ಜಾತಿಯ ಎರಡು ನಾಬ್‌ನ ಪೆಡಲ್ ತಂದೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಸೆನ್ಸಿಟಿವಿಟಿ (ಎಷ್ಟು ಅದುಮಬೇಕು ಅನ್ನುವ ನಾಬ್) ಮೂರು ಗಂಟೆಗೆ, ಔಟ್‌ಪುಟ್ ಹನ್ನೆರಡಕ್ಕೆ ಇಟ್ಟೆ. ಜಿ ಕಾರ್ಡ್ ಸ್ಟ್ರಮ್ ಮಾಡಿದರೆ ಮೊದಲು ‘ಥಪ್’ ಎನ್ನುತ್ತದೆ. ಆಮೇಲೆ ಅರ್ಧ ಸೆಕೆಂಡಿಗೆ ಶಬ್ದ ಒಳಗಿನಿಂದ ಉಬ್ಬಿ ಬರುತ್ತದೆ. ಜೊತೆಗೆ ಸುಯ್ ಅನ್ನುವ ನಾಯ್ಸ್. ಜೋಡಿಗಳಲ್ಲಿ ಒಂದು ಸಪ್ತಕ ಮೇಲಿರುವ ಸಣ್ಣ ಆಕ್ಟೇವ್ ತಂತಿಗಳಂತೂ ಕೇಳುವುದೇ ಇಲ್ಲ. 12 ತಂತಿ ಇದ್ದೂ ದಪ್ಪಗಾದ ಆರು ತಂತಿಯ ಹಾಗೆ ಕೇಳುತ್ತದೆ.

ಪೆಡಲ್ ಬದಲಿಸಬೇಕಾ, ಸೆಟ್ಟಿಂಗ್ ತಪ್ಪಾ, ಗಿಟಾರೇ ಇಷ್ಟಾ?

ಹಳೇಪೆಡಲ್

ಪೆಡಲ್ ಸದ್ಯಕ್ಕೆ ಬದಲಿಸಬೇಡಿ. ಮೊದಲು ಸೆನ್ಸಿಟಿವಿಟಿಯನ್ನು ಒಂಬತ್ತು ಗಂಟೆಗೆ ಇಳಿಸಿ.

ಆರು ತಂತಿಯಲ್ಲಿ ಅಭ್ಯಾಸವಾದ ಸೆಟ್ಟಿಂಗನ್ನೇ ಇದಕ್ಕೂ ಇಡುವುದು ಎಲ್ಲರೂ ಮಾಡುವ ತಪ್ಪು. ಪೆಡಲ್ ತಂತಿ ಎಣಿಸುವುದಿಲ್ಲ, ಒಳಗೆ ಬರುವ ಸಿಗ್ನಲ್ ಎಷ್ಟು ಜೋರು ಅಂತ ಮಾತ್ರ ನೋಡುತ್ತದೆ. ಒಂದು ಸ್ಟ್ರಮ್‌ಗೆ 12 ತಂತಿ ಒಟ್ಟಿಗೆ ನುಗ್ಗಿದರೆ ಅದು ಬೆಚ್ಚಿಬಿದ್ದು ಶಬ್ದವನ್ನು ಪೂರ್ತಿ ಅದುಮಿಬಿಡುತ್ತದೆ. ಅದೇ ನಿಮ್ಮ ‘ಥಪ್’. ತಂತಿಗಳ ಶಕ್ತಿ ಕಡಿಮೆಯಾದಂತೆ ಅದುಮಿದ ಕೈ ಸಡಿಲವಾಗುತ್ತದೆ. ಅದೇ ಆ ಉಬ್ಬು.

ಈ ಜಾತಿಯ ಪೆಡಲ್‌ಗಳು 1970ರ ದಶಕದ ವಿನ್ಯಾಸ. ಒಳಗೆ ಸಿಎ3080 ಅನ್ನುವ ಚಿಪ್ ಇರುತ್ತಿತ್ತು. ಮೂಲ ಡೈನಾ ಕಾಂಪ್‌ನಲ್ಲಿ ಅಟ್ಯಾಕ್ (ಎಷ್ಟು ಬೇಗ ಅದುಮಬೇಕು) ನಾಬ್ ಇಲ್ಲ, ರಿಲೀಸ್ (ಎಷ್ಟು ಬೇಗ ಬಿಡಬೇಕು) ನಾಬ್ ಇಲ್ಲ, ಎರಡೂ ಒಳಗೇ ನಿಗದಿ. ನಮ್ಮ ಕೈಯಲ್ಲಿರುವುದು ಎಷ್ಟು ಅದುಮಬೇಕು ಅನ್ನುವುದು ಮಾತ್ರ. ಹಾಗಾಗಿ ಕಡಿಮೆ ಅದುಮಿ.

ಇನ್ನೊಂದು ಮಾತು. ಪೆಡಲ್ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಶಬ್ದದ ಮಟ್ಟ ಒಂದೇ ಇರುವ ಹಾಗೆ ಔಟ್‌ಪುಟ್ ಹೊಂದಿಸಿ. ಕಿವಿಗೆ ಜೋರಾಗಿದ್ದದ್ದೇ ಚೆನ್ನಾಗಿ ಕೇಳುತ್ತದೆ. ಮಟ್ಟ ಸಮ ಮಾಡದೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ರೆಕಾರ್ಡಿಂಗ್‌ಕೋಣೆ

ನೀವು ಹುಡುಕುತ್ತಿರುವ ಶಬ್ದ ಹುಟ್ಟಿದ ಬಗೆ ಗೊತ್ತಾದರೆ ಸೆಟ್ಟಿಂಗ್ ತಾನಾಗಿ ಅರ್ಥವಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

1964ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈಗೆ ರಿಕನ್‌ಬ್ಯಾಕರ್ ಕಂಪನಿಯ 12 ತಂತಿಯ ಎಲೆಕ್ಟ್ರಿಕ್ 360/12 ಬಂತು. ಅದೇ ವರ್ಷ ಬೀಟಲ್ಸ್ ಸಿನಿಮಾದಲ್ಲಿ ಅದನ್ನು ನೋಡಿದ ರೋಜರ್ ಮೆಗ್ವಿನ್ ತಾನೂ ಒಂದು ತೆಗೆದುಕೊಂಡರು. 1965ರ ಜನವರಿಯಲ್ಲಿ ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೆಗ್ವಿನ್ ಇದ್ದ ಬರ್ಡ್ಸ್ ತಂಡದ ಮೊದಲ ದೊಡ್ಡ ಹಾಡು ರೆಕಾರ್ಡ್ ಆಯಿತು. ಗಿಟಾರ್ ನೇರವಾಗಿ ಕನ್ಸೋಲ್‌ಗೆ, ಅಲ್ಲಿಂದ ಟ್ಯೂಬ್ ಕಂಪ್ರೆಸರ್‌ಗೆ. ಇಂಜಿನಿಯರ್ ರೇ ಗೆರ್ಹಾರ್ಟ್ ಕಂಪ್ರೆಸರ್ ಹಾಕಿದ್ದು ಶಬ್ದದ ಚೆಂದಕ್ಕಲ್ಲ. ಜೋರು ರಾಕ್ ಸಂಗೀತದಿಂದ ತನ್ನ ಯಂತ್ರಗಳು ಕೆಡಬಾರದು ಅಂತ. ಮೆಗ್ವಿನ್ ಇದನ್ನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಂಪ್ರೆಸರ್ ಇಲ್ಲದಿದ್ದರೆ ಆ ಗಿಟಾರ್ ಮಂದ, ಸ್ವರ ಮೊಳಗುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಅಂದರೆ ನಿಮ್ಮ ಗಿಟಾರ್‌ನ ಸ್ವರ ಬೇಗ ಕರಗುವುದು ಕೊರತೆಯಲ್ಲ. ಅವರದೂ ಹಾಗೇ ಇತ್ತು.

ಆ ಕಾಲದ ಸ್ಟುಡಿಯೋ ಟ್ಯೂಬ್ ಕಂಪ್ರೆಸರ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಟೆಲಿಟ್ರಾನಿಕ್ಸ್ ಎಲ್‌ಎ-2ಎ. ಅದರೊಳಗೆ ಸಿಗ್ನಲ್‌ಗೆ ತಕ್ಕಂತೆ ಬೆಳಗುವ ಒಂದು ಚಿಕ್ಕ ಫಲಕ, ಅದರ ಎದುರು ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಇರುತ್ತದೆ. ಶಬ್ದ ಜೋರಾದರೆ ಬೆಳಕು ಹೆಚ್ಚುತ್ತದೆ, ಅದುಮುವುದೂ ಹೆಚ್ಚುತ್ತದೆ. ಅಟ್ಯಾಕ್ ಸುಮಾರು 10 ಮಿಲಿಸೆಕೆಂಡ್. ಬಿಡುವಾಗ ಅರ್ಧದಷ್ಟು 60 ಮಿಲಿಸೆಕೆಂಡಿನಲ್ಲಿ ಬಿಡುತ್ತದೆ, ಉಳಿದರ್ಧಕ್ಕೆ ಅರ್ಧ ಸೆಕೆಂಡಿನಿಂದ 5 ಸೆಕೆಂಡ್ ತನಕ ತೆಗೆದುಕೊಳ್ಳುತ್ತದೆ. ಈ ಎರಡು ಹಂತದ ಬಿಡುಗಡೆಯೇ 12 ತಂತಿಗೆ ಒಗ್ಗುವುದು. ಪಿಕ್ ತಗುಲಿದ ಆ ‘ಟಿಂಗ್’ 10 ಮಿಲಿಸೆಕೆಂಡಿನೊಳಗೆ ಪಾರಾಗುತ್ತದೆ. ಸ್ವರದ ಬಾಲ, ಅಂದರೆ ಕರಗುತ್ತಿರುವ ಕೊನೆಯ ಭಾಗ, ಮೆಲ್ಲಗೆ ಎತ್ತಿಕೊಂಡು ಬರುತ್ತದೆ, ಉಬ್ಬಿದ್ದು ಗೊತ್ತೇ ಆಗುವುದಿಲ್ಲ.

ಸ್ಟೇಜ್ ಮೇಲೂ ಅದೇ ಶಬ್ದ ಬೇಕು ಅಂತ 1988ರಲ್ಲಿ ಬಂದ ಮೆಗ್ವಿನ್ ಹೆಸರಿನ 370/12 ಮಾದರಿಯಲ್ಲಿ ಕಂಪ್ರೆಸರನ್ನು ಗಿಟಾರ್ ಒಳಗೇ ಕೂರಿಸಿದ್ದರು. ಆಮೇಲೆ ಜ್ಯಾಂಗಲ್‌ಬಾಕ್ಸ್‌ನಂಥ ಪೆಡಲ್‌ಗಳು ಇದೇ ಶಬ್ದಕ್ಕಾಗಿ ಹುಟ್ಟಿದವು.

ನಿಮಗೆ ನನ್ನ ಸಲಹೆ: ಇರುವ ಪೆಡಲ್‌ನಲ್ಲೇ ಹತ್ತು ದಿನ ಕೆಲಸ ಮಾಡಿ. ಸಾಲದು ಅನ್ನಿಸಿದರೆ ಹೀಗೆ ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಜಾತಿಯದ್ದನ್ನು ಕೇಳಿನೋಡಿ.

ಬೆಸುಗೆ

ಎಲ್ಲರೂ ಕಂಪ್ರೆಸರ್ ಬಗ್ಗೆ ಮಾತಾಡುತ್ತಿದ್ದೀರಿ. ಅದರ ಒಳಗೆ ಏನು ಹೋಗುತ್ತಿದೆ ಅಂತ ನೋಡಬೇಕಲ್ವಾ?

ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ದಪ್ಪ ತಂತಿ, ಒಂದು ಆಕ್ಟೇವ್ ಮೇಲಿನ ಸಣ್ಣ ತಂತಿ. ದಪ್ಪ ಇ 82 ಹರ್ಟ್ಸ್, ಅದರ ಜೋಡಿ 165. ದಪ್ಪ ಜಿ 196, ಅದರ ಜೋಡಿ 392. ಆ ಸಣ್ಣ ಜಿ ತಂತಿಯೇ ಇಡೀ ಗಿಟಾರ್‌ನಲ್ಲಿ ಅತಿ ಮೇಲಿನ ಸ್ವರ, ಮೊದಲ ಇ ತಂತಿಗಿಂತಲೂ ಮೇಲೆ. ಜ್ಯಾಂಗಲ್ ಅಂತ ನಾವು ಹೇಳುವುದರಲ್ಲಿ ಬಹುಪಾಲು ಕೂತಿರುವುದು ಅದರಲ್ಲೇ. ತಂತಿ ಎಷ್ಟು ಸಣ್ಣ ಅಂದರೆ ಪಿಕಪ್‌ಗೆ ಕೊಡುವ ಶಕ್ತಿಯೂ ಅಷ್ಟೇ ಸಣ್ಣದು.

ಈಗ ಕಂಪ್ರೆಸರ್ ಏನು ಮಾಡುತ್ತದೆ? ಒಟ್ಟು ಸಿಗ್ನಲ್ ನೋಡಿ ಒಟ್ಟನ್ನೂ ಇಳಿಸುತ್ತದೆ. ಜೋರು ಮಾಡಿದ್ದು ದಪ್ಪ ಇ ಮತ್ತು ಎ. ಇಳಿಯುವುದು ಎಲ್ಲವೂ. ದೊಡ್ಡವರ ಗಲಾಟೆಗೆ ಚಿಕ್ಕವರಿಗೂ ಪೆಟ್ಟು. ನಿಮ್ಮ ಆಕ್ಟೇವ್ ತಂತಿಗಳು ಕಾಣೆಯಾಗಿರುವುದು ಹೀಗೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ. ಪೆಡಲ್ ಆನ್ ಇಟ್ಟು ಮೇಲಿನ ಮೂರು ಜೋಡಿಗಳನ್ನು ಮಾತ್ರ ನುಡಿಸಿ. ಮಿನುಗು ಇರುತ್ತದೆ. ಅದು ಮೊಳಗುತ್ತಿರುವಾಗಲೇ ಹೆಬ್ಬೆರಳಲ್ಲಿ ದಪ್ಪ ಇ ತಂತಿಯನ್ನು ಒಮ್ಮೆ ಜೋರಾಗಿ ಮೀಟಿ. ಮೇಲಿನ ಸ್ವರಗಳು ಯಾರೋ ಬಾಗಿಲು ಮುಚ್ಚಿದ ಹಾಗೆ ಹಿಂದೆ ಸರಿಯುತ್ತವೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಪರಿಹಾರ: ಕಂಪ್ರೆಸರ್‌ಗೆ ಮುಂಚೆಯೇ ಬಾಸ್ ಇಳಿಸಿ. ಈಕ್ಯೂ ಪೆಡಲ್ (ಬಾಸ್, ಟ್ರೆಬಲ್‌ಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು) ಇದ್ದರೆ 100 ಮತ್ತು 200 ಹರ್ಟ್ಸ್ ಸ್ಲೈಡರ್‌ಗಳನ್ನು 4ರಿಂದ 6 ಡೆಸಿಬಲ್ ಕೆಳಗೆ. ಬಾಸ್ ಮತ್ತೆ ಬೇಕಾದರೆ ಆಂಪ್‌ನಲ್ಲಿ ಕೊಡಿ, ಅಂದರೆ ಕಂಪ್ರೆಸರ್ ಆದ ಮೇಲೆ. ಹಳೆಯ ರಿಕನ್‌ಬ್ಯಾಕರ್‌ಗಳಲ್ಲಿ ಬ್ರಿಡ್ಜ್ ಪಿಕಪ್ ಸಾಲಿನಲ್ಲಿ 0.0047 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದಿರುತ್ತಿತ್ತು. ಅದು ಮಾಡುತ್ತಿದ್ದದ್ದು ಇದೇ ಕೆಲಸ. 250 ಕಿಲೋಓಮ್ ಲೋಡ್ ಅಂತ ಇಟ್ಟುಕೊಂಡರೆ ಸುಮಾರು 135 ಹರ್ಟ್ಸ್‌ನಿಂದ ಕೆಳಗೆ ಇಳಿಯಲು ಶುರುವಾಗುತ್ತದೆ. ಬ್ರಿಡ್ಜ್ ಪಿಕಪ್ ಒಂದನ್ನೇ ಕೇಳಿದರೆ ತೆಳ್ಳಗೆ ಅನ್ನಿಸುತ್ತದೆ ನಿಜ. ಕಂಪ್ರೆಸರ್‌ಗೆ ಮಾತ್ರ ಅದು ಹದವಾದ ಊಟ.

ಬೆರಳುಪಿಕ್

ಬೆಸುಗೆಯವರ ಪರೀಕ್ಷೆ ಒಪ್ಪುತ್ತೇನೆ, ಪರಿಹಾರ ಪೂರ್ತಿ ಒಪ್ಪುವುದಿಲ್ಲ. ಬಾಸ್ ತೆಗೆದುಬಿಟ್ಟರೆ 12 ತಂತಿಗೆ ಮೈ ಇರುವುದಿಲ್ಲ. ಆಂಪ್‌ನಲ್ಲಿ ಮತ್ತೆ ಕೊಟ್ಟರೂ ಅದು ಅದೇ ಬಾಸ್ ಆಗಿರುವುದಿಲ್ಲ.

ನಾನು ಮಾಡುವುದು ಬ್ಲೆಂಡ್. ಕಂಪ್ರೆಸ್ ಆದ ಸಿಗ್ನಲ್ ಜೊತೆಗೆ ಮುಟ್ಟದ ಸಿಗ್ನಲನ್ನೂ ಬೆರೆಸುವ ನಾಬ್ ಈಗ ಬಹಳ ಪೆಡಲ್‌ಗಳಲ್ಲಿ ಇದೆ. ಮುಟ್ಟದ ಸಿಗ್ನಲ್ ಪಿಕ್ಕಿನ ಮೊದಲ ತಾಕನ್ನು ಹಾಗೇ ತರುತ್ತದೆ. ಕಂಪ್ರೆಸ್ ಆದದ್ದು ಬಾಲವನ್ನು ತರುತ್ತದೆ. ಅರ್ಧ ಅರ್ಧದಿಂದ ಶುರು ಮಾಡಿ. ಆಗ ಕಂಪ್ರೆಸರನ್ನು ಸ್ವಲ್ಪ ಜಾಸ್ತಿ ಇಟ್ಟರೂ ಶಬ್ದ ಚಪ್ಪಟೆಯಾಗುವುದಿಲ್ಲ.

ಕೈಯ ಬಗ್ಗೆಯೂ ಒಂದು ಮಾತು. ಮೆಗ್ವಿನ್ ಫ್ಲಾಟ್ ಪಿಕ್ ಜೊತೆಗೆ ನಡುಬೆರಳು, ಉಂಗುರ ಬೆರಳುಗಳಿಗೆ ಲೋಹದ ಪಿಕ್ ಹಾಕುತ್ತಾರೆ. ಆ ಎರಡು ಬೆರಳು ಮೇಲಿನ ಜೋಡಿಗಳನ್ನು ಗಟ್ಟಿಯಾಗಿ ಹಿಡಿಯುತ್ತವೆ. ಸಣ್ಣ ತಂತಿಗೆ ಕೈಯಿಂದಲೇ ಬಲ ಬಂದರೆ ಪೆಡಲ್‌ಗೆ ಕೆಲಸ ಕಡಿಮೆ. ನಾನು ಆರು ತಿಂಗಳು ಪೆಡಲ್ ತಿರುಗಿಸಿ ಸಿಗದದ್ದು ಉಂಗುರ ಬೆರಳಿಗೆ ಪಿಕ್ ಹಾಕಿದ ವಾರದಲ್ಲಿ ಸಿಕ್ಕಿತು.

ಬೆಸುಗೆ

ಬ್ಲೆಂಡ್ ಒಳ್ಳೆಯ ದಾರಿ, ತಕರಾರಿಲ್ಲ. ಆದರೆ ಅವರ ಪೆಡಲ್‌ನಲ್ಲಿ ಎರಡೇ ನಾಬ್. ಇರುವುದರಲ್ಲಿ ಮಾಡಬೇಕಲ್ಲ.

ತಂತಿಗಳ ಕ್ರಮವನ್ನೂ ನೋಡಿ. ಸಾಮಾನ್ಯ 12 ತಂತಿಯಲ್ಲಿ ಪಿಕ್ ಕೆಳಗೆ ಬರುವಾಗ ಮೊದಲು ಆಕ್ಟೇವ್ ತಂತಿ, ಆಮೇಲೆ ದಪ್ಪ ತಂತಿ ಸಿಗುತ್ತದೆ. ರಿಕನ್‌ಬ್ಯಾಕರ್‌ನಲ್ಲಿ ತಿರುಗುಮುರುಗು, ದಪ್ಪದ್ದು ಮೊದಲು. ಅಂತರ ಕೆಲವೇ ಮಿಲಿಸೆಕೆಂಡ್, ಆದರೆ ಕಿವಿಗೆ ಗೊತ್ತಾಗುತ್ತದೆ. ಪಿಕ್ ಕೊನೆಯಲ್ಲಿ ಬಿಟ್ಟ ತಂತಿ ಆಕ್ಟೇವ್ ಆದರೆ ಅದು ಮೇಲೆ ತೇಲಿದ ಹಾಗೆ ಕೇಳುತ್ತದೆ. ತಂತಿ ಬದಲಿಸುವ ದಿನ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚುಗಳು ಅವಕಾಶ ಕೊಟ್ಟರೆ ಒಂದು ಜೋಡಿಯನ್ನು ತಿರುಗಿಸಿ ಹಾಕಿ ನೋಡಬಹುದು. ಕಚ್ಚು ಕೊರೆಯುವ ಸಾಹಸ ಮಾತ್ರ ಅನುಭವ ಇಲ್ಲದೆ ಬೇಡ.

ಜೋಡಿತಂತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಂಜೆ ಕೂತು ಮಾಡಿದೆ.

ಸೆನ್ಸಿಟಿವಿಟಿ ಒಂಬತ್ತೂವರೆಗೆ ಇಳಿಸಿದ ಕೂಡಲೇ ಆ ‘ಥಪ್’ ಮುಕ್ಕಾಲು ಪಾಲು ಹೋಯಿತು. ಹೆಬ್ಬೆರಳಿನ ಪರೀಕ್ಷೆ ಮಾಡಿದೆ. ಬಾಗಿಲು ಮುಚ್ಚಿದ ಹಾಗೆ ಅಂದಿರಲ್ಲ, ಅಕ್ಷರಶಃ ಹಾಗೇ ಆಯಿತು! ಸ್ನೇಹಿತರ ಈಕ್ಯೂ ಪೆಡಲ್ ತಂದು ಮುಂದೆ ಇಟ್ಟೆ. 100 ಹರ್ಟ್ಸ್ 6 ಡೆಸಿಬಲ್ ಇಳಿಸಿದರೆ ಸಣ್ಣ ಜಿ ತಂತಿ ಕೊನೆಗೂ ಎದ್ದು ಬಂತು. 200 ಕೂಡ ಅಷ್ಟೇ ಇಳಿಸಿದರೆ ಬೆರಳುಪಿಕ್ ಹೇಳಿದ ಹಾಗೆ ಮೈ ಹೋಗುತ್ತದೆ, ಅದನ್ನು 2ಕ್ಕೆ ನಿಲ್ಲಿಸಿದೆ.

ಈಗ ಹೊಸ ತೊಂದರೆ ಎರಡು. ಒಂದು, ನಾಯ್ಸ್ ಇನ್ನೂ ಇದೆ. ಎರಡು, ಬಿ ಜೋಡಿಯಲ್ಲಿ ಒಂಥರಾ ಅಲೆ ಏಳುತ್ತದೆ. ವಂವಂವಂ ಅಂತ. ಪೆಡಲ್ ಆಫ್ ಮಾಡಿದರೆ ಅದು ಇಲ್ಲ.

ಶ್ರುತಿಮೊದಲು

ಅಲೆ ಪೆಡಲ್‌ನದ್ದಲ್ಲ, ಶ್ರುತಿಯದ್ದು. ಪೆಡಲ್ ಆಫ್ ಇದ್ದಾಗಲೂ ಅದು ಇದೆ. ಕೇಳುವಷ್ಟು ಹೊತ್ತು ಸ್ವರ ಉಳಿಯುತ್ತಿಲ್ಲ ಅಷ್ಟೇ.

ಬಿ ಮತ್ತು ಇ ಜೋಡಿಗಳು ಒಂದೇ ಸ್ವರದವು. ಎರಡು ತಂತಿ ಒಂದು ಹರ್ಟ್ಸ್ ವ್ಯತ್ಯಾಸದಲ್ಲಿದ್ದರೆ ಸೆಕೆಂಡಿಗೆ ಒಂದು ಸಲ ಶಬ್ದ ಏರಿ ಇಳಿಯುತ್ತದೆ. ಬಿ ತಂತಿ 247 ಹರ್ಟ್ಸ್. ಅಲ್ಲಿ 4 ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರದ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್) ತಪ್ಪಿದರೆ ವ್ಯತ್ಯಾಸ ಅರ್ಧ ಹರ್ಟ್ಸ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಎರಡು ಸೆಕೆಂಡಿಗೂ ಮುಂಚೆ ಒಂದು ಪೂರ್ತಿ ಅಲೆ. ಕಂಪ್ರೆಸರ್ ಇಲ್ಲದಾಗ ಮೊದಲ ಅಲೆ ಮುಗಿಯುವಷ್ಟರಲ್ಲಿ ಸ್ವರವೇ ಮಂಕಾಗಿರುತ್ತದೆ. ಕಂಪ್ರೆಸರ್ ಬಾಲವನ್ನು ಹಿಡಿದೆತ್ತಿದಾಗ ಮೂರು ನಾಲ್ಕು ಅಲೆ ಸ್ಪಷ್ಟವಾಗಿ ಕೇಳುತ್ತವೆ. ನಿಮ್ಮದು ವಂವಂವಂ ಅಂತ ಬೇಗ ಬೇಗ ಬರುತ್ತಿದ್ದರೆ 4 ಸೆಂಟ್‌ಗಿಂತ ಜಾಸ್ತಿಯೇ ತಪ್ಪಿದೆ.

ನಾನು ಶ್ರುತಿ ಮಾಡುವ ಕ್ರಮ ಹೀಗಿದೆ. ಟ್ಯೂನರ್ ಯಾವಾಗಲೂ ಕಂಪ್ರೆಸರ್‌ಗೆ ಮುಂಚೆ. ಜೋಡಿಯಲ್ಲಿ ಒಂದು ತಂತಿಯನ್ನು ಬೆರಳ ತುದಿಯಿಂದ ಮುಚ್ಚಿ ಇನ್ನೊಂದನ್ನು ಟ್ಯೂನರ್ ನೋಡಿ ಹೊಂದಿಸುತ್ತೇನೆ. ಅದರ ಜೋಡಿಯನ್ನು ಟ್ಯೂನರ್ ನೋಡದೆ ಕಿವಿಯಿಂದ ಕೂಡಿಸುತ್ತೇನೆ. ಅಲೆ ನಿಧಾನವಾಗುತ್ತಾ ಬರುತ್ತದೆ. ಪೂರ್ತಿ ನಿಲ್ಲುವ ಸ್ವಲ್ಪ ಮುಂಚೆ ಕೈ ತೆಗೆಯುತ್ತೇನೆ. ಪೂರ್ತಿ ನಿಂತರೆ ಎರಡು ತಂತಿ ಒಂದೇ ತಂತಿಯಾಗಿ ಕೇಳುತ್ತದೆ. ಮೂರು ನಾಲ್ಕು ಸೆಕೆಂಡಿಗೆ ಒಂದು ಅಲೆ ಉಳಿದರೆ ಅದೇ 12 ತಂತಿಯ ಹೊಳಪು. ಇದಕ್ಕೆ ಕೋರಸ್ ಪೆಡಲ್ ಬೇಕಿಲ್ಲ.

ಫ್ರೆಟ್ ಒತ್ತದ ತಂತಿಯಲ್ಲಿ ಸರಿ ಇದ್ದು ಐದನೇ ಫ್ರೆಟ್‌ನಲ್ಲಿ ತಪ್ಪುತ್ತಿದ್ದರೆ ಬ್ರಿಡ್ಜ್ ನೋಡಿ. ಆರೇ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಇದ್ದರೆ ದಪ್ಪ ತಂತಿ, ಸಣ್ಣ ತಂತಿ ಒಂದನ್ನೇ ಹಂಚಿಕೊಂಡಿರುತ್ತವೆ. ಎರಡಕ್ಕೂ ಸರಿಯಾದ ಜಾಗ ಬೇರೆ ಬೇರೆ. 1965ರಲ್ಲಿ ಬಂದ ಫೆಂಡರ್ ಎಲೆಕ್ಟ್ರಿಕ್ 12ರಲ್ಲಿ 12 ತಂತಿಗೂ ಬೇರೆ ಬೇರೆ ಸ್ಯಾಡಲ್ ಕೊಟ್ಟಿದ್ದರು. ಎಲ್ಲ ಗಿಟಾರ್‌ಗಳಿಗೂ ಆ ಭಾಗ್ಯ ಇಲ್ಲ. ಆರು ಸ್ಯಾಡಲ್ ಇರುವವರು ಸ್ಯಾಡಲನ್ನು ಸಣ್ಣ ತಂತಿಗೆ ಸರಿಯಾದ ಜಾಗದ ಕಡೆಗೆ ಸ್ವಲ್ಪ ಹೆಚ್ಚು ಸರಿಸುವುದು ಒಳ್ಳೆಯದು. ಕಂಪ್ರೆಸರ್ ಹಾಕಿದಾಗ ಕಿವಿಗೆ ಮೊದಲು ಚುಚ್ಚುವುದು ಅದೇ.

ಹಳೇಪೆಡಲ್

ನಾಯ್ಸ್ ಬಗ್ಗೆ ಹೇಳುತ್ತೇನೆ. ಇದು ಲೆಕ್ಕದ ವಿಷಯ. ಜೋರಾದ ಜಾಗದಲ್ಲಿ ಪೆಡಲ್ 12 ಡೆಸಿಬಲ್ ಇಳಿಸುತ್ತದೆ ಅಂದುಕೊಳ್ಳಿ. ಆ ನಷ್ಟ ತುಂಬಲು ಔಟ್‌ಪುಟ್ 12 ಡೆಸಿಬಲ್ ಏರಿಸುತ್ತೀರಿ. ನೀವು ಕೈ ಎತ್ತಿ ಸುಮ್ನೆ ಕೂತಾಗ ಇಳಿಸುವುದು ಏನೂ ಇಲ್ಲ, ಏರಿಸಿದ್ದು ಹಾಗೇ ಉಳಿದಿದೆ. ಸಿಂಗಲ್ ಕಾಯಿಲ್‌ನ ಹಮ್, ಕೇಬಲ್‌ನ ಗೊರಗೊರ, ಎಲ್ಲಾ 12 ಡೆಸಿಬಲ್ ಮೇಲೆ ಬಂದು ಕೂರುತ್ತವೆ. ಇಳಿಸುವುದನ್ನು 4 ಡೆಸಿಬಲ್‌ಗೆ ತಂದರೆ ನಾಯ್ಸ್ ಏರುವುದೂ 4 ಮಾತ್ರ.

ಜಾಸ್ತಿ ಸಸ್ಟೇನ್ ಬೇಕು ಅನ್ನಿಸಿದರೆ ಎರಡು ಕಂಪ್ರೆಸರ್ ಸಾಲಾಗಿ ಇಟ್ಟು ಎರಡರಲ್ಲೂ ಸ್ವಲ್ಪ ಸ್ವಲ್ಪ ಅದುಮಿ. ಒಟ್ಟು ನಾಯ್ಸ್ ಕಡಿಮೆಯಾಗುವುದಿಲ್ಲ, ಆದರೆ ಉಬ್ಬು ಕಡಿಮೆಯಾಗುತ್ತದೆ. ಮೊದಲನೆಯದು ಸ್ಟ್ರಮ್‌ನ ತುದಿ ಹಿಡಿದರೆ ಎರಡನೆಯದು ನೆಮ್ಮದಿಯಾಗಿ ಬಾಲ ಎತ್ತುತ್ತದೆ.

ಗಿಟಾರ್ ವಾಲ್ಯೂಮ್ ಪೂರ್ತಿ ತೆರೆದಿಡಿ. ಕಂಪ್ರೆಸರ್ ಸಾಲಿನಲ್ಲಿ ಮೊದಲೇ ಇರಲಿ. ಡ್ರೈವ್ ಪೆಡಲ್ ಆದ ಮೇಲೆ ಇಟ್ಟರೆ ಡ್ರೈವ್‌ನ ನಾಯ್ಸನ್ನೂ ಎತ್ತುತ್ತದೆ. ನಾಯ್ಸ್ ಗೇಟ್ (ಶಬ್ದ ಮೆಲ್ಲಗಾದಾಗ ಪೂರ್ತಿ ಮುಚ್ಚುವ ಪೆಡಲ್) ನಾನು ಹಾಕುವುದಿಲ್ಲ. ಇಷ್ಟೆಲ್ಲಾ ಮಾಡಿ ಉಳಿಸಿದ ಬಾಲವನ್ನು ಅದು ಕತ್ತರಿಸಿಬಿಡುತ್ತದೆ.

ಹೊಸಕಿವಿ

ನಡುವೆ ಒಂದು ಪ್ರಶ್ನೆ. ನನ್ನ ಪೆಡಲ್‌ನಲ್ಲಿ ಅಟ್ಯಾಕ್, ರಿಲೀಸ್ ಎರಡೂ ನಾಬ್ ಇವೆ, ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಜಾತಿ. ಎರಡನ್ನೂ ಅತಿ ವೇಗಕ್ಕೆ ಇಟ್ಟರೆ ದಪ್ಪ ಇ ತಂತಿ ಒಡೆದ ಹಾಗೆ ಕೇಳುತ್ತದೆ. ಪೆಡಲ್ ಕೆಟ್ಟಿದೆಯಾ?

ಬೆಸುಗೆ

ಕೆಟ್ಟಿಲ್ಲ. 82 ಹರ್ಟ್ಸ್ ಅಂದರೆ ಒಂದು ಅಲೆಗೆ ಸುಮಾರು 12 ಮಿಲಿಸೆಕೆಂಡ್. ಕಂಪ್ರೆಸರ್ ಅದಕ್ಕಿಂತ ಬೇಗ ಹಿಡಿದು ಬೇಗ ಬಿಟ್ಟರೆ, ಅದು ಸ್ವರದ ಮಟ್ಟವನ್ನಲ್ಲ, ಒಂದೊಂದು ಅಲೆಯ ಆಕಾರವನ್ನೇ ತಿದ್ದಲು ಶುರುಮಾಡುತ್ತದೆ. ಅದೇ ಡಿಸ್ಟಾರ್ಶನ್. ರಿಲೀಸನ್ನು 150 ಮಿಲಿಸೆಕೆಂಡ್ ಆಸುಪಾಸಿಗೆ ತನ್ನಿ. ಅಟ್ಯಾಕ್ 10ರಿಂದ 20. ರೇಶಿಯೋ (ಎಷ್ಟು ಪಟ್ಟು ಅದುಮಬೇಕು ಅನ್ನುವ ನಾಬ್) ಇದ್ದರೆ 3:1 ಅಥವಾ 4:1 ಸಾಕು. ನಾಬ್ ಮೇಲೆ ಅಂಕಿ ಇಲ್ಲದಿದ್ದರೆ ಒಡಕು ಹೋಗುವ ತನಕ ರಿಲೀಸ್ ತಿರುಗಿಸಿ, ಅಲ್ಲಿಂದ ಇನ್ನೊಂದು ಚೂರು ಮುಂದೆ.

ಜೋಡಿತಂತಿ

ಒಂದು ವಾರವಾಯಿತು. ಈಗಿನ ಸ್ಥಿತಿ ಬರೆಯುತ್ತೇನೆ, ಮುಂದೆ ಹುಡುಕುವವರಿಗೂ ಆಗಲಿ.

ಸಾಲು: ಗಿಟಾರ್, ಟ್ಯೂನರ್, ಈಕ್ಯೂ, ಕಂಪ್ರೆಸರ್, ಆಂಪ್. ಈಕ್ಯೂನಲ್ಲಿ 100 ಹರ್ಟ್ಸ್ 6 ಕೆಳಗೆ, 200 ಹರ್ಟ್ಸ್ 2 ಕೆಳಗೆ, 3.2 ಕಿಲೋಹರ್ಟ್ಸ್ 2 ಮೇಲೆ. ಸೆನ್ಸಿಟಿವಿಟಿ ಹತ್ತು ಗಂಟೆ. ಔಟ್‌ಪುಟ್, ಆನ್ ಆಫ್ ಸಮ ಬರುವ ಹಾಗೆ, ನನ್ನದರಲ್ಲಿ ಒಂದು ಗಂಟೆ. ಎರಡೂ ಪಿಕಪ್ ಒಟ್ಟಿಗೆ. ಆಂಪ್‌ನಲ್ಲಿ ಬಾಸ್ ಮೊದಲಿಗಿಂತ ಒಂದು ಗೆರೆ ಜಾಸ್ತಿ.

ಶ್ರುತಿಗೆ ಮೊದಲ ದಿನ ಅರ್ಧ ಗಂಟೆ ಹಿಡಿಯಿತು, ಈಗ ಹತ್ತು ನಿಮಿಷ. ಬಿ ಜೋಡಿ ನನ್ನದು 9 ಸೆಂಟ್ ತಪ್ಪಿತ್ತು. ಎಂಟು ತಿಂಗಳು ಹಾಗೇ ನುಡಿಸುತ್ತಿದ್ದೆ. ಕಂಪ್ರೆಸರ್ ಹಾಕುವವರೆಗೆ ಅದು ಕಿವಿಗೇ ಬಿದ್ದಿರಲಿಲ್ಲ.

ನಿನ್ನೆ ರಾತ್ರಿ ಡಿ ಕಾರ್ಡ್ ಹಿಡಿದು ಜೋಡಿ ಜೋಡಿಯಾಗಿ ಬಿಡಿಸಿ ನುಡಿಸಿದೆ. ದಪ್ಪ ಡಿ ಮೊದಲು, ಆಮೇಲೆ ಜಿ ಜೋಡಿಯಲ್ಲಿ ಎರಡನೇ ಫ್ರೆಟ್‌ನ ಎ, ಆಮೇಲೆ ಬಿ, ಇ. ಕೊನೆಯ ಜೋಡಿ ಮೀಟಿದಾಗ ಜಿ ಜೋಡಿಯ ಸಣ್ಣ ತಂತಿ ಇನ್ನೂ ಮೇಲೆ ಮೊಳಗುತ್ತಲೇ ಇತ್ತು. ಉಬ್ಬು ಇಲ್ಲ. ಕೈ ಎತ್ತದೆ ಎಣಿಸಿದೆ, ಆರು ಸೆಕೆಂಡ್ ತನಕ ಸ್ಪಷ್ಟವಾಗಿ ಕೇಳಿತು. ಪೆಡಲ್ ಆಫ್ ಮಾಡಿ ಅದನ್ನೇ ನುಡಿಸಿದರೆ ಎರಡೂವರೆ.

ಹೊಸ ಪೆಡಲ್ ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಉಂಗುರ ಬೆರಳಿಗೆ ಲೋಹದ ಪಿಕ್ ತಂದಿದ್ದೇನೆ. ಬೆರಳುಪಿಕ್, ಅದು ಸಣ್ಣ ತಂತಿಗೆ ಸಿಕ್ಕಿ ಕಿರ್ ಅನ್ನುತ್ತಿದೆ. ಕೋನ ಹೇಗಿಡಬೇಕು?

ಬೆರಳುಪಿಕ್

ಪಿಕ್‌ನ ಎಲೆಯನ್ನು ಬೆರಳ ತುದಿಯ ಬಾಗಿಗೆ ತಕ್ಕಂತೆ ಒಳಕ್ಕೆ ಬಗ್ಗಿಸಿ. ಉಗುರಿಗಿಂತ ಎರಡು ಮಿಲಿಮೀಟರ್ ಹೊರಗಿದ್ದರೆ ಸಾಕು. ತಂತಿಯನ್ನು ಎಳೆಯಬೇಡಿ, ಅಂಗೈ ಕಡೆಗೆ ಒತ್ತಿ ಬಿಡಿ. ಆ ಕಿರ್ ಎರಡು ಮೂರು ದಿನದಲ್ಲಿ ಹೋಗುತ್ತದೆ.